ವರ್ನಾಳ ಜೇಬಿನ ಬ್ಲೇಡು

ನನ್ನ ನಾದಿನಿ ವರ್ನಾ ಕೂತಲ್ಲಿ ಕೂರುವವಳಲ್ಲ. ಹವೆ ಬಿಸಿಯಾಗುತ್ತಾ ಹೋದರೆ ನಮ್ಮ ಮಿಶಿಗನ್ನಿನ ಹಣ್ಣಿನ ತೋಟಗಳ ಗತಿಯೇನು ಎಂದು ಲೆಕ್ಕ ಹಾಕುವುದೇ ಅವಳ ಜೀವಮಾನದ ಕೆಲಸ. ವಿಶ್ವವಿದ್ಯಾಲಯದಲ್ಲಿ ದೊಡ್ಡ ವಿಜ್ಞಾನಿ. ಕೋಟಿನ ಜೇಬಿನಲ್ಲಿ ಮಾತ್ರ ಸದಾ ಒಂದು ಬ್ಲೇಡು. ಚೆರ್ರಿ ಮರ ಕಂಡರೆ ಸಾಕು, ಮೊಗ್ಗು ಕಿತ್ತು ಅಡ್ಡಕ್ಕೆ ಕೊಯ್ದು ನೋಡುತ್ತಾಳೆ. ಒಳಗೆ ಹಸಿರಿದ್ದರೆ ಜೀವವಿದೆ, ಕಪ್ಪಾಗಿದ್ದರೆ ಹಿಮ ಹೊಡೆದಿದೆ. ನನ್ನ ಮಗಳ ಮದುವೆಯಲ್ಲಿ ಎಲ್ಲರೂ ಫೋಟೋಗೆ ನಿಂತಿದ್ದರೆ ಇವಳು ಚರ್ಚಿನ ಬೇಲಿಯ ಹತ್ತಿರ ಮೊಗ್ಗು ಕೊಯ್ಯುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಗಿತ್ತು.

ಈಗೀಗ ಮಾರ್ಚ್ ತಿಂಗಳಲ್ಲೇ ಸೆಕೆ. ಮರಗಳು ಮೋಸಹೋಗಿ ಬೇಗ ಮೊಗ್ಗು ಬಿಡುತ್ತವೆ, ಏಪ್ರಿಲ್‌ನ ಚಳಿ ಬಂದು ಎಲ್ಲವನ್ನೂ ಕೊಲ್ಲುತ್ತದೆ. ವರ್ನಾ ಇದನ್ನು ಬೆಳೆಗಾರರ ಸಭೆಗಳಲ್ಲಿ ಹೇಳಿ ಹೇಳಿ ಕೂದಲು ನರೆಸಿಕೊಂಡಳು. ಆದರೆ ಹೇಳುವುದೆಲ್ಲ "ಸಾಧ್ಯತೆ ಹೆಚ್ಚು" ಎಂದೇ. ನೆಡಿ, ನೆಡಬೇಡಿ ಎಂದು ಒಬ್ಬರಿಗೂ ಅಂದವಳಲ್ಲ.

ಕಳೆದ ವಸಂತದಲ್ಲಿ ನನ್ನ ಗಂಡ ಆರ್ಲೋ, ಅಂದರೆ ಅವಳ ಅಣ್ಣ, ತಗ್ಗಿನ ಹೊಲದ ಮುದಿ ಮರಗಳನ್ನು ಕಿತ್ತು ಹೊಸ ಚೆರ್ರಿ ಸಸಿ ಹಾಕಲು ಹೊರಟ. ಸಸಿ ಫಲಕ್ಕೆ ಬರಲು ವರ್ಷಗಳೇ ಬೇಕು. ತಪ್ಪಾದರೆ ಇನ್ನೊಮ್ಮೆ ನೆಡುವ ವಯಸ್ಸು ಅವನದಲ್ಲ. ತಂಗಿಯನ್ನು ಮನೆಗೆ ಕರೆಸಿ ಕೇಳಿದ.

"ಹಾಕ್ಲಾ, ಬೇಡ್ವಾ? ಹೇಳು."

"ನೋಡಣ್ಣ, ಚಳಿಗಾಳಿ ತಗ್ಗಲ್ಲೇ ನಿಲ್ಲುತ್ತೆ, ಅಲ್ಲಿ ಹಿಮ ಹೊಡಿಯೋ ಸಾಧ್ಯತೆ..."

"ಸಾಧ್ಯತೇನ ನಿನ್ನ ಸಭೆಗೆ ಇಟ್ಕೋ. ಅದನ್ನ ನೆಡಕ್ಕಾಗುತ್ತಾ?"

ವರ್ನಾ ಎದ್ದಳು, ಕಿಟಕಿಗೆ ಹೋದಳು, ಬಂದು ಕೂತಳು, ಮತ್ತೆ ಎದ್ದಳು.

"ಅತ್ತಿಗೆ, ಕಾಫಿ ಇದ್ಯಾ?"

"ನಿನ್ನ ಮುಂದೇನೇ ಇದೆ ಕಣೇ. ಆರಿ ನೀರಾಗಿದೆ."

ಅವಳು ಕುಡಿಯದೆ ತಗ್ಗಿನ ಹೊಲಕ್ಕೆ ಇಳಿದಳು. ಬರುವಾಗ ಅಂಗೈ ತುಂಬ ಕೊಯ್ದ ಮೊಗ್ಗು. ಒಂದೊಂದರ ಒಳಗೂ ಕಪ್ಪು. ಆರ್ಲೋನ ಮುಂದೆ ಮೇಜಿನ ಮೇಲೆ ಸುರಿದಳು.

"ಬೇಡಣ್ಣ. ನೆಡಬೇಡ."

"ಇದನ್ನ ಮೊದಲೇ ಅನ್ನೋಕೆ ಏನಾಗಿತ್ತು ನಿಂಗೆ?"

"ಅಪ್ಪ ನೆಟ್ಟ ಜಾಗ ಅದು. ನನ್ನ ಲೆಕ್ಕಾನೇ ತಪ್ಪಾಗ್ಲಿ ಅಂತಿದ್ದೆ."

ಆರ್ಲೋ ಮೊಗ್ಗುಗಳನ್ನು ಕೈಯಲ್ಲೇ ಒರೆಸಿ ತೆಗೆದ. ನನಗೆ ಇಬ್ಬರ ಮೇಲೂ ಮರುಕ ಬಂತು.

ಈ ವಸಂತಕ್ಕೆ ಮುದಿ ಮರಗಳೆಲ್ಲ ಹೋಗಿ ಆ ಹೊಲದಲ್ಲಿ ದನದ ಹುಲ್ಲು. ವರ್ನಾ ಬಂದವಳೇ ಅಭ್ಯಾಸಬಲದಿಂದ ಜೇಬಿಗೆ ಕೈಹಾಕಿದಳು. ಅಡುಗೆಮನೆಯ ಪಕ್ಕ ಒಂದೇ ಒಂದು ಚೆರ್ರಿ ಮರ ಉಳಿದಿತ್ತು.

"ಇದನ್ಯಾಕೆ ಬಿಟ್ಟೆ?" ಎಂದು ಅಣ್ಣನನ್ನು ಕೇಳಿದಳು.

"ನಿನ್ನ ಕೈಗೆ ಏನಾದ್ರೂ ಕೆಲ್ಸ ಬೇಕಲ್ಲ."

ಅವಳು ಬ್ಲೇಡು ತೆಗೆದು ನನ್ನ ಕೈಗಿಟ್ಟಳು. "ಇಟ್ಕೋ ಅತ್ತಿಗೆ. ಇದೊಂದನ್ನ ನೋಡಲ್ಲ."

ಮರುದಿನ ಬೆಳಗ್ಗೆ ಹುಲ್ಲಿನ ಮೇಲೆಲ್ಲ ಬಿಳಿ ಹಿಮ ಬಿದ್ದಿತ್ತು. ಕಾಫಿ ಸೋಸಿ ಮುಗಿಸುವಷ್ಟರಲ್ಲಿ ವರ್ನಾ ಬಾಗಿಲಲ್ಲಿ ಬಂದು ಕೈ ಚಾಚಿ ನಿಂತಿದ್ದಳು. ನಾನು ನಗಲಿಲ್ಲ. ಬ್ಲೇಡು ಕೊಡದೆ ಕೈಯಲ್ಲೇ ಹಿಡಿದು, ಚಪ್ಪಲಿ ಮೆಟ್ಟಿಕೊಂಡು ಅವಳಿಗಿಂತ ಮೊದಲು ನಾನೇ ಮರದ ಹತ್ತಿರ ಹೋದೆ.