ದಾರಿ ಹೇಳುವ ಫಾರ್ಕರ್

ಪ್ರತಿ ವರ್ಷ ಸ್ಕಾಟ್ಲೆಂಡಿನ ಬೆಟ್ಟದಾರಿಯಲ್ಲಿ ನಾಲ್ಕು ದಿನ ಸೈಕಲ್ ತುಳಿಯುವ ಗುಂಪಿನಲ್ಲಿ ಮುದುಕ ಫಾರ್ಕರನಷ್ಟು ಬಾಯಿಬಡುಕ ಇನ್ನೊಬ್ಬನಿಲ್ಲ. ಏರಿನಲ್ಲಿ ಹುಡುಗರ ಎದೆ ಕಮ್ಮಾರನ ತಿದಿಯಾಗಿರುವಾಗಲೂ ಅವನ ವರದಿ ನಿಲ್ಲದು: "ಗುಂಡಿ ಬಂತು. ಎಡಕ್ಕೆ ತಿರುವು. ಕುರಿ ಅಡ್ಡ ನಿಂತಿದೆ, ಮುಖ ಥೇಟ್ ನಮ್ಮ ಪಾದ್ರಿದೇ." ಹಿಂದೆ ಬರುವ ಗೆಳೆಯ ಡೂಗಿ ರೇಗಿಸುತ್ತಾನೆ: "ನಮಗೂ ಕಣ್ಣಿದಾವೆ ಕಣಯ್ಯಾ, ಉಸಿರು ಉಳಿಸ್ಕೋ." "ನಿಂಗ್ಯಾವನು ಹೇಳ್ತಿದಾನೆ?" ಎನ್ನುತ್ತಾನೆ ಫಾರ್ಕರ್. ಮೂವತ್ತು ವರ್ಷ ಅವನು ತುಳಿದದ್ದು ಜೋಡಿ ಸೀಟಿನ ಸೈಕಲ್ಲು. ಹಿಂದಿನ ಸೀಟಿನಲ್ಲಿ ಹೆಂಡತಿ ಮೊರಾಗ್. ಕಣ್ಣು ಕಾಣದ ಅವಳು ಆ ನಾಡನ್ನು ಕಂಡದ್ದೆಲ್ಲ ಅವನ ಬಾಯಲ್ಲೇ. ಅವಳು ಮಣ್ಣಾದ ಮೇಲೆ ಒಂಟಿ ಸೀಟಿನ ಸೈಕಲ್ಲು ಬಂತು, ಬಾಯಿ ಮಾತ್ರ ಹಳೆಯದೇ ಉಳಿಯಿತು. ಹೋದ ಬೇಸಿಗೆ ಡೂಗಿಯ ಮಾತಿಗೆ ರೋಷ ಬಂದು, ಕೊನೆಯ ಏರನ್ನು ತುಟಿ ಬಿಚ್ಚದೆ ಹತ್ತಲು ಹೊರಟವನು ಅರ್ಧದಲ್ಲೇ ಇಳಿದು ದಾರಿಬದಿಯ ಬಂಡೆಯ ಮೇಲೆ ಕುಸಿದ. "ಹೇಳ್ದೇ ಇದ್ರೆ ನಂಗೂ ಏನೂ ಕಾಣಲ್ಲ ಕಣೋ," ಎಂದ. ಡೂಗಿ ಪಕ್ಕದಲ್ಲಿ ಕೂತು, "ಹಂಗಾದ್ರೆ ನಂಗೇ ಹೇಳು," ಎಂದ. ಫಾರ್ಕರ್ ಕೆಳಗಿನ ಕಡಲನ್ನು, ದ್ವೀಪಗಳ ಮೇಲಿನ ಬಿಸಿಲನ್ನು ಹೇಳುತ್ತ ಬಂದು, ಮೊರಾಗ್ "ಆಮೇಲೆ?" ಎಂದು ಕೇಳುತ್ತಿದ್ದ ಜಾಗದಲ್ಲಿ ನಿಲ್ಲಿಸಿ ಕಾದ. ಹಾಗೆ ಕೇಳಬೇಕೆಂದು ಡೂಗಿಗೆ ತಿಳಿಯಲಿಲ್ಲ.