ಕೂಗದೆ ಉಳಿದ ಖೋ

ಯುದ್ಧಕ್ಕೂ ನಮ್ಮ ಖೋ ಖೋ ಅಂಕಣಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಗಡಿ ಇರುವುದು ಎಲ್ಲೋ ಉತ್ತರದಲ್ಲಿ, ನಾವಿದ್ದದ್ದು ದೊಡ್ಡಬಳ್ಳಾಪುರದಲ್ಲಿ. ಆದರೂ ಆ ಮಂಗಳವಾರ ಬೆಳಿಗ್ಗೆ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಎರಡು ಸಾಲು ಅಂಟಿಸಿದ್ದರು. ಮುಂದಿನ ಆದೇಶದವರೆಗೆ ಎಲ್ಲ ಪಂದ್ಯಗಳನ್ನು ಮುಂದೂಡಲಾಗಿದೆ. ಮೈದಾನವನ್ನು ನಾಳೆಯ ನಾಗರಿಕ ರಕ್ಷಣಾ ಅಣಕು ಕಾರ್ಯಾಚರಣೆಗೆ ಬಿಟ್ಟುಕೊಡಲಾಗಿದೆ. ಶನಿವಾರ ಹೊಸಕೋಟೆಯ ಒಂದು ಕಾಲೇಜಿನ ಮೇಲೆ ನಮ್ಮ ಫೈನಲ್ ಇತ್ತು. ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ.

ಆ ಫೈನಲ್ ನನಗೆ ಬೇಕೇ ಬೇಕಿತ್ತು. ಹಿಂದಿನ ವರ್ಷ ಅದೇ ತಂಡದ ಎದುರು ಒಂದು ಪಾಯಿಂಟಿನಲ್ಲಿ ಸೋತಿದ್ದೆವು, ಸೋತದ್ದು ನನ್ನಿಂದ. ಖೋ ಖೋದಲ್ಲಿ ಅಟ್ಟಿಸಿಕೊಂಡು ಹೋಗುವವಳು ಸಾಲಿನಲ್ಲಿ ಕೂತವಳ ಬೆನ್ನು ಮುಟ್ಟಿದರೆ ಸಾಲದು, ಜೊತೆಗೇ ‘ಖೋ’ ಎಂದು ಕೂಗಬೇಕು. ಆಗ ಮಾತ್ರ ಕೂತವಳು ಎದ್ದು ಓಡಬಹುದು. ಕೊನೆಯ ನಿಮಿಷದಲ್ಲಿ ನಾನು ಬೆನ್ನು ಮುಟ್ಟಿದೆ, ಕೂಗಲಿಲ್ಲ. ಕೂತಿದ್ದ ಗೆಳತಿ ಕೂಗಿಗೆ ಕಾಯದೆ ಎದ್ದಳು. ರೆಫರಿ ಸೀಟಿ ಊದಿದರು. ಇನ್ನೇನು ಕೈಗೆ ಸಿಕ್ಕಳು ಎನ್ನುವಂತಿದ್ದ ಎದುರಾಳಿ ಆರಾಮವಾಗಿ ದೂರ ಹೋದಳು. ಅವತ್ತಿನಿಂದ ಕ್ಲಾಸಿನಲ್ಲಿ ನನ್ನ ಅಡ್ಡಹೆಸರು ‘ಸೈಲೆಂಟ್ ಮೋಡ್’.

ಇದು ನಮ್ಮಂಥವರು ಮಾತ್ರ ಮಾಡುವ ತಪ್ಪು. ನಮ್ಮ ತಂಡದ ಒಂಬತ್ತು ಜನರಲ್ಲಿ ಆರು ಜನ ವಿದ್ಯುತ್ ಮಗ್ಗದ ಮನೆಯವರು. ನಾಲ್ಕು ಮಗ್ಗ ಒಟ್ಟಿಗೆ ಓಡುವ ಮನೆಯಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವರಿಗೆ ಕೇಳಿಸುವುದಿಲ್ಲ. ಹಾಗಾಗಿ ಯಾರೂ ಕೂಗುವುದಿಲ್ಲ. ಊಟಕ್ಕೆ ಬಾ ಎನ್ನಲು ಬೆನ್ನು ತಟ್ಟುತ್ತೇವೆ, ನೂಲು ಹರಿಯಿತು ಎನ್ನಲು ಕೈ ಎತ್ತುತ್ತೇವೆ. ಬೆನ್ನ ಮೇಲೆ ಕೈ ಬಿದ್ದರೆ ಏಳಬೇಕು ಎಂಬುದು ನಮಗೆ ತೊಟ್ಟಿಲಿನಿಂದಲೇ ಬಂದದ್ದು. ಅದನ್ನು ಬಿಡಿಸಲು ನಮ್ಮ ಪಿ.ಟಿ. ಸರ್ ಇಡೀ ವರ್ಷ ಹೆಣಗಾಡಿದ್ದರು. ನಾನೂ ಕಲಿತಿದ್ದೆ. ಶನಿವಾರ ಒಂದು ಸಲ ಸರಿಯಾಗಿ ಕೂಗಿ ತೋರಿಸಬೇಕು ಅಂದುಕೊಂಡಿದ್ದೆ.

ನೋಟಿಸ್ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಆಟ ನಿಲ್ಲಿಸಿದರೆ ಯುದ್ಧಕ್ಕೆ ಏನು ಲಾಭ ಎಂದು ಕಂಡಕಂಡವರನ್ನೆಲ್ಲ ಕೇಳಿದೆ. ಪ್ರಿನ್ಸಿಪಾಲರು, “ಮೇಲಿಂದ ಆದೇಶ” ಎಂದರು. ಮೇಲೆ ಎಂದರೆ ಎಷ್ಟು ಮೇಲೆ ಎಂದು ಕೇಳುವ ಧೈರ್ಯವಾಗಲಿಲ್ಲ. ಗೇಟಿನ ವಾಚ್‌ಮನ್ ಹತ್ತಿರ ಆ ಭಯ ಇರಲಿಲ್ಲ.

“ಜನ ಗುಂಪು ಸೇರ್ಬಾರ್ದಂತೆ ಕಣಮ್ಮ” ಎಂದ.

“ಹಂಗಾದ್ರೆ ನಾಳೆ ಡ್ರಿಲ್ಲಿಗೆ ಸೇರೋರು?”

“ಅದು ಸರ್ಕಾರದ ಗುಂಪು.”

ಇಡೀ ಕಾಲೇಜಿನಲ್ಲಿ ನನಗೆ ಸಿಕ್ಕ ಸ್ಪಷ್ಟವಾದ ಉತ್ತರ ಅದೊಂದೇ.

ಬುಧವಾರ ಮಧ್ಯಾಹ್ನ ನಮ್ಮ ಅಂಕಣದ ಸುಣ್ಣದ ಗೆರೆಗಳ ಮೇಲೆಯೇ ಆಂಬುಲೆನ್ಸ್ ಬಂದು ನಿಂತಿತು. ತಂಡದವರೆಲ್ಲ ಹೇಗೂ ಖಾಲಿ ಇದ್ದಾರೆಂದು ನಮ್ಮನ್ನು ಗಾಯಾಳುಗಳನ್ನಾಗಿ ಮಾಡಿದರು. ಸಾಲಾಗಿ ಕೂರಿ ಎಂದಾಗ ನಾವು ಅಭ್ಯಾಸಬಲದಿಂದ ಒಬ್ಬಳು ಆ ಕಡೆ, ಒಬ್ಬಳು ಈ ಕಡೆ ಮುಖ ಮಾಡಿ ಕೂತೆವು. ತರಬೇತಿ ಕೊಡಲು ಬಂದಿದ್ದ ಅಧಿಕಾರಿ ನಮ್ಮನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಬ್ಬೊಬ್ಬರನ್ನೂ ಒಂದೊಂದು ಕಡೆ ಮಲಗಿಸಿದರು. ನನ್ನ ಪಾಲಿಗೆ ಬಂದದ್ದು ಕೆಮಿಸ್ಟ್ರಿ ಲ್ಯಾಬಿನ ಮೇಜಿನ ಕೆಳಗಿನ ಜಾಗ.

ಸೈರನ್ ಕೂಗಿತು. ಎನ್‌ಸಿಸಿ ಹುಡುಗರು ಸ್ಟ್ರೆಚರ್ ಹಿಡಿದು ಓಡಿ ಬಂದು, ಬಾಗಿಲಲ್ಲಿ ನಿಂತು “ಯಾರಾದ್ರೂ ಇದ್ದೀರಾ?” ಎಂದರು. ನಾನು ಕೈ ಎತ್ತಿದೆ. ಅವರು ಮುಂದೆ ಹೋದರು. ಎಲ್ಲ ಮುಗಿದು ಎಣಿಸಿ ನೋಡಿದಾಗ ಒಬ್ಬಳು ಕಡಿಮೆ ಎಂದು ಗೊತ್ತಾಗಿ ಹುಡುಕಿಕೊಂಡು ಬಂದರು.

“ಯಾಕಮ್ಮ ಕೂಗ್ಲಿಲ್ಲ?” ಎಂದರು ಅಧಿಕಾರಿ.

“ಕೈ ಎತ್ತಿದ್ದೆ ಸಾರ್.”

“ಹೊಗೆ ತುಂಬಿರೋ ರೂಮಲ್ಲಿ ನಿನ್ನ ಕೈ ಯಾರಿಗೆ ಕಾಣುತ್ತೆ?” ಎನ್ನುತ್ತ ಪಟ್ಟಿಯಲ್ಲಿ ನನ್ನ ಹೆಸರನ್ನು ಸತ್ತವರ ಕಡೆ ಬರೆದರು. ಸತ್ತವಳು ನಾನೊಬ್ಬಳೇ.

ಮೈದಾನಕ್ಕೆ ವಾಪಸ್ ಬಂದಾಗ ಗೆಳತಿಯರು ಬಿದ್ದು ಬಿದ್ದು ನಕ್ಕರು. ಪಿ.ಟಿ. ಸರ್ ನಗಲಿಲ್ಲ. “ಹೋದ್ ವರ್ಷಾನೂ ಹಿಂಗೇ ಮಾಡ್ದೆ” ಎಂದಷ್ಟೇ ಹೇಳಿ, ಅಳಿಸಿಹೋದ ಗೆರೆಗಳನ್ನು ನೋಡುತ್ತ ನಿಂತರು. ನಾನು ಒಂದು ವರ್ಷದಲ್ಲಿ ಏನನ್ನೂ ಕಲಿತಿರಲಿಲ್ಲವೇ? ನಾಚಿಕೆಯಿಂದ ಕುಗ್ಗಿಹೋದೆ.

ಯುದ್ಧ ಕೆಲವೇ ದಿನಗಳಲ್ಲಿ ನಿಂತಿತು. ನಮ್ಮ ಫೈನಲ್‌ಗೆ ಮಾತ್ರ ಹೊಸ ದಿನಾಂಕ ಬರಲೇ ಇಲ್ಲ. ಪರೀಕ್ಷೆ ಬಂತು, ಫಲಿತಾಂಶ ಬಂತು, ಟಿ.ಸಿ. ಕೈಗೆ ಬಂತು. ಮುಂದಿನ ವರ್ಷದ ತಂಡದಲ್ಲಿ ನನಗೆ ಜಾಗವಿರಲಿಲ್ಲ. ಆ ‘ಖೋ’ ಅಂಕಣದಲ್ಲಿ ಕೂಗದೆಯೇ ಉಳಿಯಿತು.

ಆದರೆ ಅದೇ ಬುಧವಾರ ಸಂಜೆ ಇನ್ನೊಂದು ಸಂಗತಿ ನಡೆಯಿತು. ಏಳು ಗಂಟೆಗೆ ಅರ್ಧ ಗಂಟೆ ದೀಪ ಆರಿಸಿ ಎಂದು ಆಟೋದಲ್ಲಿ ಮೈಕು ಕಟ್ಟಿಕೊಂಡು ಹೇಳಿ ಹೋಗಿದ್ದರು. ಮಗ್ಗ ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ. ಕತ್ತಲಲ್ಲಿ ನೇಯುವುದು ಹೇಗೆ? ಬೀದಿಯ ಮಗ್ಗಗಳೆಲ್ಲ ಒಂದೊಂದಾಗಿ ನಿಂತವು. ನಮ್ಮ ಬೀದಿಯಲ್ಲಿ ನಾಯಿ ಬೊಗಳುವುದೂ ಪಕ್ಕದ ಮನೆಯವರು ಕೆಮ್ಮುವುದೂ ಅಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಅಮ್ಮ ಹೊರಗೆ ಬಂದು ಜಗಲಿಯ ಮೇಲೆ ಬೀದಿಗೆ ಮುಖ ಮಾಡಿ ಕೂತಳು. ನಾನು ಅವಳ ಹಿಂದೆ ಬಾಗಿಲಿಗೆ ಒರಗಿ ನಿಂತು, ಲ್ಯಾಬಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಇಬ್ಬರೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದೆವು.

“ಮೂರು ವರ್ಷದಿಂದ ಆಡ್ತಾ ಇದ್ದೀಯ. ಅದೇನು ಕೂಗ್ತೀರೋ ನಾನು ಒಂದ್ ಸಲಾನೂ ಕೇಳಿಲ್ಲ” ಎಂದಳು ಅಮ್ಮ. “ಎಲ್ಲಿ, ಕೂಗು ನೋಡೋಣ.”

ನಾನು ಬಗ್ಗಿ ಅವಳ ಬೆನ್ನ ಮೇಲೆ ಕೈಯಿಟ್ಟೆ. ಮೂವತ್ತು ವರ್ಷ ಮಗ್ಗದ ಮುಂದೆ ನಿಂತ ಬೆನ್ನು ಅದು, ಯಾರು ತಟ್ಟಿದರೂ ತಕ್ಷಣ ಏಳುವ ಬೆನ್ನು. ಅವಳು ಏಳಲಿಲ್ಲ. ಕಾಯುತ್ತಿದ್ದಾಳೆ ಎಂದು ಅರ್ಥವಾಯಿತು.

“ಖೋ” ಎಂದು ಕೂಗಿದೆ. ಬೀದಿಯ ಆ ತುದಿಯವರೆಗೂ ಕೇಳಿಸಿತು.

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತಳು.