ಎದೆಕವಚದೊಳಗಿನ ಕಿಟಕಿ

ಬೆಳಗಿನ ನಾಲ್ಕು ಗಂಟೆ. ಜೂನ್ ತಿಂಗಳ ಪೀಟರ್ಸ್‌ಬರ್ಗಿನಲ್ಲಿ ಈ ಹೊತ್ತಿಗೆ ದೀಪ ಬೇಡ. ಕತ್ತಲೆ ಬಂದೇ ಇಲ್ಲ. ನೀರು ಬೆರೆಸಿದ ಹಾಲಿನಂಥ ಬೆಳಕು ರಾತ್ರಿಯಿಡೀ ನಮ್ಮ ಅಂಗಳದ ಮೇಲೆ ನಿಂತೇ ಇದೆ. ಎದುರು ಮನೆಯ ಕ್ಲಾವ್ದಿಯಾ ಸೆಮ್ಯೊನೊವ್ನಾ ಅಡುಗೆಮನೆಯ ಕಿಟಕಿಗೆ ಒತ್ತಿಕೊಂಡು ಕೂತಿದ್ದಾರೆ. ಎಡಗೈಯಲ್ಲಿ ಬಾಟಲಿಯ ಬಿರಡೆ, ಅದರ ಮೇಲೆ ಅಂಟಿಸಿದ ಹೆಬ್ಬೆರಳೆತ್ತರದ ತವರದ ಯೋಧ. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು, ಉಸಿರು ಬಿಗಿಹಿಡಿದು, ಅವನ ಭುಜದ ಮೇಲೆ ಒಂದು ಬಿಳಿ ಚುಕ್ಕೆ ಇಡುತ್ತಾರೆ. ಅಷ್ಟೇ. ಮಂಕು ಬಣ್ಣದ ಭುಜ ಥಟ್ಟನೆ ಉಕ್ಕಾಗುತ್ತದೆ. ಯೋಧನ ಎದೆಕವಚ ಮಾತ್ರ ಇನ್ನೂ ಖಾಲಿ. ಅದನ್ನು ಮುಟ್ಟಲು ಅವರಿಗೆ ಧೈರ್ಯ ಬರುತ್ತಿಲ್ಲ.

ಮೇಜಿನ ಮೇಲೆ ಬೆಳ್ಳಿಬಣ್ಣದ ಒಂದು ಡಬ್ಬಿಯೂ ಇಲ್ಲ. ಬಿಳಿ, ಕಪ್ಪು, ಒಂದಿಷ್ಟು ನೀಲಿ, ಒಂದಿಷ್ಟು ಕಂದು, ಇಷ್ಟರಲ್ಲೇ ಖಡ್ಗ, ಶಿರಸ್ತ್ರಾಣ, ಸರಪಳಿ ಅಂಗಿ ಎಲ್ಲವೂ ಹುಟ್ಟಬೇಕು. "ಬೆಳ್ಳಿಬಣ್ಣ ಬಳಿದ್ರೆ ಬೆಳ್ಳಿಬಣ್ಣ ಬಳಿದ ಹಾಗೇ ಕಾಣುತ್ತೆ, ಕಬ್ಬಿಣ ಕಾಣಲ್ಲ" ಎನ್ನುತ್ತಾರೆ ಅವರು ನನಗೆ. "ಕಬ್ಬಿಣಕ್ಕೆ ಅದರದ್ದೇ ಬಣ್ಣ ಅಂತ ಏನಿದೆ ಹೇಳು ವೇರಾ. ಎದುರಿಗೆ ಏನಿರುತ್ತೋ ಅದನ್ನೇ ತೋರಿಸುತ್ತೆ, ಪಾಪ."

ಹಾಗಾಗಿ ಅವರಿಗೆ ಗುರುವೆಂದರೆ ಒಂದು ಊಟದ ಚಮಚ. ಅದನ್ನು ಕಿಟಕಿಯಲ್ಲಿ ನಿಲ್ಲಿಸಿ, ಎಲ್ಲಿ ಹೊಳಪು, ಎಲ್ಲಿ ಕಪ್ಪು ಗೆರೆ ಎಂದು ನೋಡಿ ನೋಡಿ ಬರೆಯುತ್ತಾರೆ. ಗಂಡ ರೊದಿಯೋನ್ ನಿವೃತ್ತ ಟ್ರಾಮ್ ಚಾಲಕ, ಬಾಯಿಬಡುಕ. ಅವರ ದೂರು ಇಡೀ ಕಟ್ಟಡಕ್ಕೇ ಗೊತ್ತು. "ಎಲೆಕೋಸಿನ ಸೂಪು ಆರಿ ತಣ್ಣಗಾಯ್ತು. ಚಮಚ ಎಲ್ಲಿ ಅಂದ್ರೆ, ಪಾಠ ಹೇಳ್ತಾ ಇದೆ ಅಂತಾಳೆ. ನಾನೇನು ಫೋರ್ಕಲ್ಲಿ ಕುಡೀಲಾ?"

ಕ್ಲಾವ್ದಿಯಾ ಮೊದಲು ಪಿಂಗಾಣಿ ಕಾರ್ಖಾನೆಯಲ್ಲಿ ಬಟ್ಟಲುಗಳ ಅಂಚಿಗೆ ಗೆರೆ ಎಳೆಯುತ್ತಿದ್ದರು. ಅದು ಬಾಗಿಲು ಹಾಕಿದ ಮೇಲೆ ತವರದ ಸೈನಿಕರ ಕಾರ್ಯಾಗಾರ ಸೇರಿದರು. ಅಲ್ಲೊಂದು ಪದ್ಧತಿಯಿದೆ. ಹೊಸಬರಿಗೆ ಬೂಟು ಮತ್ತು ಕುದುರೆ, ಕೈ ಪಳಗಿದರೆ ಬಟ್ಟೆ, ಆಮೇಲೆ ಮುಖ, ಎಲ್ಲಕ್ಕಿಂತ ಕೊನೆಗೆ ಲೋಹ. ಇವರು ಲೋಹಕ್ಕೆ ಬರುವ ಹೊತ್ತಿಗೆ ತಲೆ ನೆರೆತಿತ್ತು. ಒಬ್ಬ ಯೋಧನಿಗೆ ನಾಲ್ಕು ದಿನ ಬೇಕು. ಪೆಟ್ಟಿಗೆಯ ಮೇಲೆ ಕಾರ್ಯಾಗಾರದ ಹೆಸರಿರುತ್ತದೆ, ಇವರದ್ದು ಎಲ್ಲೂ ಇರುವುದಿಲ್ಲ. ಅದರ ಬಗ್ಗೆ ಅವರಿಗೆ ಬೇಸರವೂ ಇಲ್ಲ.

ಬೇಸರವಾದದ್ದು ಕಳೆದ ವಾರ. ಪುಟ್ಟ ಮಾದರಿ ಹುಲ್ಲುಗಾವಲಿನ ಮೇಲೆ ನಿಲ್ಲಿಸಬೇಕಾಗಿದ್ದ ಒಂದು ಪೆಟ್ಟಿಗೆ ಯೋಧರು ವಾಪಸು ಬಂದರು. ಕೊಂಡವರು ಭೂತಗನ್ನಡಿ ಹಿಡಿದು ನೋಡಿದ್ದಾರೆ. ಪ್ರತಿಯೊಬ್ಬನ ಎದೆಕವಚದಲ್ಲೂ ಒಂದು ಪುಟ್ಟ ಕಿಟಕಿ, ಅದಕ್ಕೆ ಅಡ್ಡಪಟ್ಟಿ, ಕಿಟಕಿಯ ಕೆಳಗೆ ಬೆನ್ನು ಬಾಗಿಸಿ ಕೂತ ಒಂದು ಕಪ್ಪು ಆಕೃತಿ. ಚಮಚದಲ್ಲಿ ಕಂಡದ್ದನ್ನು ಇವರು ಕಂಡ ಹಾಗೇ ಬರೆದುಬಿಟ್ಟಿದ್ದರು. ಚಹಾ ಕುಡಿಯುತ್ತಿದ್ದ ಗಂಡನ ಸಮೇತ.

ಕಾರ್ಯಾಗಾರದ ಯಜಮಾನ ಗೆನ್ನಾದಿ ಲ್ವೋವಿಚ್ ಕೂಗಾಡುವವರಲ್ಲ. ಮೆತ್ತಗೆ ಹೇಳಿದರಂತೆ: "ಕ್ಲಾವ್ದಿಯಾ ಸೆಮ್ಯೊನೊವ್ನಾ, ಇವರು ಯುದ್ಧಕ್ಕೆ ಹೊರಟವರು, ನಿಮ್ಮ ಮನೆಗೆ ಚಹಾಕ್ಕೆ ಬಂದವರಲ್ಲ. ಬಯಲು ಕಾಣಬೇಕು, ಆಕಾಶ ಕಾಣಬೇಕು. ಶುಕ್ರವಾರದೊಳಗೆ ಆಗದಿದ್ದರೆ ಮತ್ತೆ ಕುದುರೆಗಳನ್ನೇ ಮಾಡಿ, ಬೇಜಾರು ಮಾಡ್ಕೋಬೇಡಿ."

"ಅವರು ಹೇಳಿದ್ದು ಸರಿಯಾಗೇ ಇದೆ" ಎಂದು ಕ್ಲಾವ್ದಿಯಾ ನನ್ನೆದುರು ಒಪ್ಪಿಕೊಳ್ಳುತ್ತಾರೆ. "ಆದ್ರೆ ಕುದುರೆಗೆ ವಾಪಸು ಹೋಗೋಕೆ ನನ್ನ ಕೈಲಾಗಲ್ಲ ಕಣೇ. ಕುದುರೆ ಕೆಟ್ಟದ್ದಲ್ಲ. ಆದ್ರೆ ಅದರೊಳಗೆ ಬೆಳಕಿಲ್ಲ." ಹೇಳುತ್ತಾ ಕಣ್ಣು ತುಂಬಿಕೊಳ್ಳುತ್ತಾರೆ.

ಎದೆಗಳನ್ನೆಲ್ಲ ಒರೆಸಿ ಖಾಲಿ ಮಾಡಿಯಾಗಿದೆ. ಆದರೆ ಅಡುಗೆಮನೆಯಲ್ಲಿ ಕೂತರೆ ಮತ್ತೆ ಅದೇ ಕಿಟಕಿ ಬರುತ್ತದೆ. ಕಡೆಗೆ ಇವತ್ತು ಅವರು ಕುಂಚ ಕೆಳಗಿಟ್ಟು, ಚಮಚ ಎತ್ತಿಕೊಂಡು ಏಳುತ್ತಾರೆ. ಹಿಂದೆಯೇ ರೊದಿಯೋನ್ ಮಡಚುವ ಕುರ್ಚಿ ಹೊತ್ತು ಬರುತ್ತಾರೆ. "ಹೊರಟಿತು ನೋಡಿ ದಂಡು," ಎಂದು ಗೊಣಗುತ್ತಾರೆ, "ಆಯುಧ ಒಂದು ಚಮಚ." ನಾನೂ ಕೋಟು ಹಾಕಿಕೊಂಡು ಬೆನ್ನು ಹತ್ತುತ್ತೇನೆ.

ನೆವಾ ನದಿಯ ದಂಡೆಯಲ್ಲಿ ಒಂದು ನರಪಿಳ್ಳೆಯಿಲ್ಲ. ನೀರು ಯಾವುದು, ಆಕಾಶ ಯಾವುದು ಎಂದು ಬೇರೆ ಮಾಡಲಾಗದಷ್ಟು ಎರಡೂ ಮುತ್ತಿನ ಬಣ್ಣ. ಕ್ಲಾವ್ದಿಯಾ ಕಲ್ಲಿನ ಕಟ್ಟೆಯ ಮೇಲೆ ಚಮಚ ನಿಲ್ಲಿಸಿ, ಬಣ್ಣದ ತಟ್ಟೆ ತೊಡೆಯ ಮೇಲಿಟ್ಟು ಕೂರುತ್ತಾರೆ. ನಾನು ಹಿಂದಿನಿಂದ ಇಣುಕುತ್ತೇನೆ. ಚಮಚದ ಮೇಲರ್ಧ ತಣ್ಣನೆಯ ನೀಲಿ ಬಿಳುಪು, ನಡುವೆ ಕೂದಲೆಳೆಯಂಥ ಕಪ್ಪು, ಅದರ ಕೆಳಗೆ ನೆಲದ ಕಂದು. ಇಡೀ ಊರು ಆ ಗೆರೆಯೊಳಗೆ ನಿದ್ದೆ ಹೋಗಿದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ನನಗೆ ತಿಳಿಯದು.

ರೊದಿಯೋನ್ ದೂರದಲ್ಲಿ, ಕೈ ಬೆನ್ನಿಗೆ ಕಟ್ಟಿಕೊಂಡು ನದಿ ನೋಡುತ್ತಾ ನಿಂತಿದ್ದಾರೆ. "ನಾನು ಅಡ್ಡ ಬರ್ತಿದೀನಾ, ಕ್ಲಾವಾ? ಸರಿಯಲಾ?"

"ನಿಂತ್ಕೊಂಡಿರು ಅಲ್ಲೇ. ಇಷ್ಟು ವರ್ಷ ಅಡ್ಡ ಬಂದಿದ್ದು ಸಾಲದೇ ಈಗ ಸರೀತಾನಂತೆ" ಎಂದು ಇವರು ತಲೆ ಎತ್ತದೆ ಹೇಳುತ್ತಾರೆ.

ಶುಕ್ರವಾರ ಕಾರ್ಯಾಗಾರ. ನಾನೂ ಜೊತೆಗೆ ಬಂದಿದ್ದೇನೆ. ಗೆನ್ನಾದಿ ಲ್ವೋವಿಚ್ ಒಬ್ಬೊಬ್ಬನನ್ನೇ ಗಾಜಿನಡಿ ಹಿಡಿದು ತಿರುಗಿಸುತ್ತಾರೆ. ಕ್ಲಾವ್ದಿಯಾ ತಲೆವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾ ನಿಂತಿದ್ದಾರೆ. ಯೋಧರ ಎದೆಯಲ್ಲಿ ಬಯಲಿದೆ, ಬೆಳಗಿನ ಆಕಾಶವಿದೆ, ಕಿಟಕಿ ಎಲ್ಲೂ ಇಲ್ಲ. ಯಜಮಾನರು ತಲೆಯಾಡಿಸುತ್ತಾ ಬಂದವರು ಕೊನೆಯವನ ಮೇಲೆ ನಿಲ್ಲುತ್ತಾರೆ. "ಇದೇನು, ದಿಗಂತದ ಹತ್ತಿರ? ಯಾರೋ ನಿಂತ ಹಾಗಿದೆ."

"ನಿಂತಿದಾನೆ" ಎನ್ನುತ್ತಾರೆ ಕ್ಲಾವ್ದಿಯಾ. "ಬಯಲಲ್ಲಿ ಒಬ್ಬ ಮನುಷ್ಯ ನಿಂತಿರಬಾರದು ಅಂತ ನೀವು ಹೇಳಿರಲಿಲ್ಲ. ಯುದ್ಧಕ್ಕೆ ಹೋಗೋನು ತಿರುಗಿ ನೋಡಿದ್ರೆ, ಯಾರಾದ್ರೂ ಕಾಣಬೇಕಲ್ವಾ."

ಯಜಮಾನರು ಇನ್ನೊಮ್ಮೆ ಗಾಜಿನಲ್ಲಿ ನೋಡುತ್ತಾರೆ. ಆಮೇಲೆ ಕಪಾಟು ತೆರೆದು, ಮುಂದಿನ ಪೆಟ್ಟಿಗೆ ತೆಗೆದು ಅವರ ಮುಂದಿಡುತ್ತಾರೆ. ಮುಚ್ಚಳ ಸರಿಸಿದರೆ ಒಳಗೆ ಬರೀ ಶಿರಸ್ತ್ರಾಣಗಳು, ಕುದುರೆ ಒಂದೂ ಇಲ್ಲ.

ಮನೆಯಲ್ಲಿ ರೊದಿಯೋನ್ ಸೂಪು ಬಿಸಿ ಮಾಡಿಟ್ಟು ಕಾಯುತ್ತಿದ್ದಾರೆ. ಇನ್ನೇನು ಆಸೆ ಉಳಿದಿದೆ ಎಂದು ನಾನು ಕೇಳುತ್ತೇನೆ. ಕ್ಲಾವ್ದಿಯಾ ಪೆಟ್ಟಿಗೆಯನ್ನು ಮಡಿಲಿಗೆಳೆದುಕೊಂಡು, ಚೀಲದಿಂದ ಚಮಚ ತೆಗೆದು ಒರೆಸಿ, ಗಂಡನ ತಟ್ಟೆಯ ಪಕ್ಕ ಇಡುತ್ತಾರೆ.

"ಇನ್ನೊಂದು ಚಮಚ ಕೊಳ್ಳಬೇಕು" ಎನ್ನುತ್ತಾರೆ.